ನನ್ನ ಡಿಗ್ರಿಗಾಗಿ ಅಜ್ಜಿ ಬಿಟ್ಟ ಕಾಫಿ

ನನ್ನ ಪ್ಲಸ್ ಟು ಪರೀಕ್ಷೆ ಮುಗಿದ ವಾರ ಅಜ್ಜಿ ಕಾಫಿ ಬಿಟ್ಟಳು. ಬಿಟ್ಟೆ ಅಂತ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅಮ್ಮ ಎಂದಿನ ಹಾಗೆ ಹಿತ್ತಾಳೆ ಲೋಟದಲ್ಲಿ ಬೆಲ್ಲದ ಕಾಫಿ ತಂದು ಜಗಲಿಯ ಮೇಲಿಟ್ಟಳು. ಅಜ್ಜಿ ಎರಡು ಬೆರಳಿನಿಂದ ಲೋಟವನ್ನು ಅಮ್ಮನ ಕಡೆಗೇ ಸರಿಸಿದಳು.

"ಬಿಸಿ ಜಾಸ್ತಿ ಆಯ್ತಾ ಅತ್ತೆ?"

ಅಜ್ಜಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲೇ ಅಮ್ಮನಿಗೆ ಅರ್ಥವಾಯಿತು. ಲೋಟ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಮನೆಗಳಲ್ಲಿ ಹಾಗೆ ಸರಿಸಿದ್ದನ್ನು ಮತ್ತೆ ಮುಂದೆ ತಂದಿಡುವ ಪದ್ಧತಿಯಿಲ್ಲ.

ನಾವು ಜೈನರು. ವಯನಾಡಿನ ಪನಮರಂ ಹತ್ತಿರ, ಗದ್ದೆ ಮುಗಿದು ಗುಡ್ಡ ಶುರುವಾಗುವ ಕಡೆ ನಮ್ಮ ಮನೆ. ಕೆಳಗೆ ಭತ್ತ, ಮೇಲೆ ಕಾಫಿ, ಕಾಫಿಗೆ ನೆರಳು ಕೊಡುವ ಮರಗಳ ಮೈಮೇಲೆ ಮೆಣಸಿನ ಬಳ್ಳಿ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. "ಕರ್ನಾಟಕದಿಂದ ಬಂದದ್ದು ಯಾವಾಗ?" ಎಂದು ಯಾರಾದರೂ ಕೇಳಿದರೆ ಅಪ್ಪ, "ನೀವು ಬರೋದಕ್ಕೆ ಮುಂಚೆ" ಎಂದು ಶುದ್ಧ ಮಲಯಾಳದಲ್ಲಿ ಉತ್ತರ ಕೊಡುತ್ತಾರೆ. ನನಗೆ ಕನ್ನಡದ ಅಕ್ಷರವನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅಂಗಳದಲ್ಲಿ ಒಣಹಾಕಿದ ಕಾಫಿ ಹಣ್ಣುಗಳನ್ನು ಸಾಲಾಗಿ ಜೋಡಿಸಿ ಅ, ಆ ಮಾಡಿಸಿದವಳು ಅಜ್ಜಿ. ಈಗ ಬರೆಯುತ್ತಿರುವ ಈ ಲಿಪಿ ನನ್ನ ಕೈಗೆ ಬಂದದ್ದು ಹಾಗೆ. ಋ ಬರೆಯುವಾಗ ಹಣ್ಣು ಯಾವಾಗಲೂ ಸಾಲುತ್ತಿರಲಿಲ್ಲ.

ಅಜ್ಜಿಗೆ ಕಾಫಿ ಎಂದರೆ ಎಷ್ಟು ಇಷ್ಟ ಎಂಬುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತೂಕ ಬರುವುದಿಲ್ಲ. ಅವಳಿಗೆ ಒಡವೆಯ ಆಸೆಯಿರಲಿಲ್ಲ, ಸೀರೆಯ ಆಸೆಯಿರಲಿಲ್ಲ. ಕಾಫಿ ಮಾತ್ರ ನಮ್ಮದೇ ಗಿಡದ್ದಾಗಬೇಕು, ಕಬ್ಬಿಣದ ಬಾಣಲೆಯಲ್ಲಿ ಅವಳೇ ಹುರಿಯಬೇಕು. ಬೀಜ ಕಪ್ಪಾಗುವ ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಸಿಟ್ಟು. ಬೆಳಿಗ್ಗೆ ಒಂದು ಲೋಟ, ಸಂಜೆ ಹೊತ್ತು ಮುಳುಗುವ ಮುಂಚೆ ಒಂದು ಲೋಟ. ಸಂಜೆಯದನ್ನು ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಅವ್ವ ಬಸದಿಯಲ್ಲೂ ಇಷ್ಟು ಭಕ್ತಿಯಿಂದ ಕಣ್ಣು ಮುಚ್ಚಾಕಿಲ್ಲ" ಎಂದು ಅಪ್ಪ ಚುಡಾಯಿಸುತ್ತಿದ್ದರು.

ಇಷ್ಟವಾದದ್ದನ್ನು ಬಿಡುವುದಕ್ಕೆ ನಮ್ಮಲ್ಲಿ ನೇಮ ಹಿಡಿಯುವುದು ಎನ್ನುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಹೆಂಗಸರು ಏನಾದರೊಂದನ್ನು ಬಿಡುತ್ತಾರೆ. ಒಂದು ವರ್ಷ ಮೊಸರು, ಇನ್ನೊಂದು ವರ್ಷ ಸೊಪ್ಪು. ಮಳೆಗಾಲ ಮುಗಿದರೆ ಅದೂ ಮುಗಿಯಿತು. ಆದರೆ ಇನ್ನೊಂದು ಬಗೆಯ ನೇಮ ಇದೆ. ಮನಸ್ಸಿನಲ್ಲಿ ಒಂದು ಬಯಕೆ ಇಟ್ಟುಕೊಂಡು, ಅದು ಕೈಗೂಡುವವರೆಗೆ ತನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಮುಟ್ಟದೆ ಇರುವುದು. ಫಲ ಬಯಸಿ ವ್ರತ ಹಿಡಿಯುವುದು ನಮ್ಮ ಶಾಸ್ತ್ರದ ಪ್ರಕಾರವೇ ದೋಷ. ಇದನ್ನು ನಾನು ಚಿಕ್ಕವಳಿದ್ದಾಗಲೇ ಪುಸ್ತಕ ತೆರೆದು ಅಜ್ಜಿಗೆ ಓದಿ ತೋರಿಸಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹೌದಾ ಮಗಾ? ಬರೆದವರಿಗೆ ಮೊಮ್ಮಕ್ಕಳು ಇರ್ಲಿಲ್ಲವೇನೋ" ಎಂದಿದ್ದಳು.

ಈ ಎರಡನೇ ಬಗೆಯ ನೇಮಕ್ಕೆ ಒಂದು ಕಟ್ಟಳೆ ಉಂಟು. ಯಾವುದಕ್ಕಾಗಿ ಹಿಡಿದದ್ದು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಬಾರದು, ಮನೆಯವರು ಕೇಳಲೂಬಾರದು. ಬಸದಿಯಲ್ಲಿ ಪುರೋಹಿತರ ಎದುರು ಒಮ್ಮೆ ಹೇಳಿ ಹಿಡಿದರೆ ಸಾಕು. ಉಳಿದವರು ಊಹಿಸಿಕೊಳ್ಳಬೇಕು. ಊಹೆ ತಪ್ಪಾದರೆ ತಿದ್ದಲು ಯಾರೂ ಇಲ್ಲ.

ಕಾಫಿ ಹೂ ಬಿಡುವ ತಿಂಗಳು ಅದು. ಮಳೆಗಾಲಕ್ಕೆ ಇನ್ನೂ ದೂರ. ಹಾಗಾದರೆ ಇದು ಬಯಕೆಯ ನೇಮವೇ. ಮನೆಯಲ್ಲಿ ಆಗ ನಡೆಯುತ್ತಿದ್ದ ಒಂದೇ ಒಂದು ದೊಡ್ಡ ಸಂಗತಿ ನನ್ನ ಮುಂದಿನ ಓದು. ಅಪ್ಪ ಎರಡನ್ನೂ ಕೂಡಿಸಿದರು.

"ಇದರಲ್ಲಿ ಯೋಚನೆ ಮಾಡೋದೇನದೆ? ಮೊಮ್ಮಗಳಿಗೆ ಒಳ್ಳೆ ಕೋರ್ಸ್ ಸಿಗಲಿ, ಒಳ್ಳೆ ಜೋಲಿ ಆಗಲಿ ಅಂತ ಅವ್ವ ನೇಮ ಹಿಡಿದವ್ರೆ."

ಜೋಲಿ ಎಂದರೆ ನಮ್ಮ ಕಡೆ ಕೆಲಸ. ಮಲಯಾಳದಿಂದ ಬಂದು ನಮ್ಮ ಕನ್ನಡದಲ್ಲಿ ಮನೆ ಕಟ್ಟಿಕೊಂಡ ಮಾತು.

ನಾನು ವಾದ ಕಲಿತವಳು. ಎಂಟನೇ ಕ್ಲಾಸಿನಿಂದ ಶಾಲೆಯ ಚರ್ಚಾ ತಂಡದಲ್ಲಿದ್ದೆ. ಪರವೋ ವಿರೋಧವೋ ಎಂದು ಅಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ. ಚೀಟಿ ಎತ್ತಬೇಕು, ಬಂದ ಪಕ್ಷವನ್ನು ನಮ್ಮದೇ ಎಂಬಂತೆ ಹೇಳಬೇಕು. ಊರುಗಳಿಗೆ ಆನೆ ನುಗ್ಗುವುದಕ್ಕೆ ಮನುಷ್ಯನೇ ಕಾರಣ ಎಂದು ವೆಳ್ಳಮುಂಡದ ಶಾಲೆಯಲ್ಲಿ ವಾದಿಸಿ ಬಹುಮಾನ ತಂದ ನಾನು, ಮುಂದಿನ ತಿಂಗಳು ಇನ್ನೊಂದು ಶಾಲೆಯಲ್ಲಿ ಮನುಷ್ಯ ಕಾರಣನಲ್ಲವೇ ಅಲ್ಲ ಎಂದು ವಾದಿಸಿ ಇನ್ನೊಂದು ಬಹುಮಾನ ತಂದೆ. ಎರಡೂ ಶೋಕೇಸಿನಲ್ಲಿ ಅಕ್ಕಪಕ್ಕ ನಿಂತಿವೆ.

ಅಭ್ಯಾಸಕ್ಕೆ ನನಗಿದ್ದ ಸಭೆ ಅಜ್ಜಿಯೊಬ್ಬಳೇ. ಅವಳು ಅಂಗಳದಲ್ಲಿ ಕೂತು ಮೆಣಸಿನ ಗೊಂಚಲು ಉಜ್ಜುತ್ತಿದ್ದಳು, ನಾನು ಎದುರಿಗೆ ನಿಂತು ಕೈ ಬೀಸಿ ಮಾತಾಡುತ್ತಿದ್ದೆ. ಅವಳ ಮಲಯಾಳ ಸಂತೆಯ ಮಲಯಾಳ. ನನ್ನ ಭಾಷಣದ ಅರ್ಧ ಅವಳಿಗೆ ದಕ್ಕುತ್ತಿರಲಿಲ್ಲ. ಆದರೂ ಮುಗಿದ ಮೇಲೆ ಒಂದು ತೀರ್ಪು ಕೊಡುತ್ತಿದ್ದಳು: "ಇದು ಚೀಟಿದು" ಅಥವಾ "ಇದು ನಿಂದು." ಒಮ್ಮೆಯೂ ತಪ್ಪಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ನಾನು ಜಗಳ ಮಾಡಿ ಕೇಳಿದೆ.

"ಚೀಟಿದಾದ್ರೆ ನೀರಿನಂಗೆ ಹೋಗ್ತೀಯ ಮಗಾ. ನಿಂದಾದ್ರೆ ನಡುವೆ ತಡವರಿಸ್ತೀಯ."

"ತಡವರಿಸಿದ್ರೆ ಮಾರ್ಕ್ ಕಳೀತಾರೆ ಅಜ್ಜಿ."

"ಕಳೀಲಿ ಬಿಡು. ಅವರಿಗೆ ನೀನು ಗೊತ್ತಿಲ್ಲ."

ನನಗೆ ಬೇಕಾಗಿದ್ದದ್ದು ತತ್ವಶಾಸ್ತ್ರ. ಇದರ ಹಿಂದೆಯೂ ಅಜ್ಜಿ ಇದ್ದಾಳೆ. ಒಂದು ಭಾನುವಾರ ಅವಳ ಜೊತೆ ಬಸದಿಗೆ ಹೋದಾಗ ಹೊರಗಿನಿಂದ ಬಂದ ಒಬ್ಬರು ಪ್ರವಚನ ಮಾಡುತ್ತಿದ್ದರು. ಯಾವ ಪ್ರಶ್ನೆಗೂ ಏಳು ಬಗೆಯ ಉತ್ತರ ಸಾಧ್ಯ, ಎಂದರು ಅವರು. ಒಂದು ರೀತಿಯಲ್ಲಿ ಇದೆ, ಒಂದು ರೀತಿಯಲ್ಲಿ ಇಲ್ಲ, ಇದೆಯೂ ಹೌದು ಇಲ್ಲವೂ ಹೌದು, ಹೇಳಲಾಗದು, ಹೀಗೆ. ಪರ ಮತ್ತು ವಿರೋಧ ಎಂಬ ಎರಡೇ ಕುರ್ಚಿಗಳ ನಡುವೆ ಬೆಳೆದ ನನಗೆ ಅಲ್ಲಿಯೇ ಗೋಡೆ ಹಿಡಿದುಕೊಳ್ಳಬೇಕು ಎನಿಸಿತು. ನಮ್ಮದೇ ಮನೆಯ ಜನ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ, ಬೆಳ್ಳುಳ್ಳಿ ಕಂಡರೆ ಮುಖ ತಿರುಗಿಸುವ ಜನ, ಇಷ್ಟು ದೂರ ಯೋಚಿಸಿದ್ದಾರೆಯೇ? ಹಾಗಾದರೆ ಬೇರೆಯವರು ಎಷ್ಟೆಷ್ಟು ದೂರ ಹೋಗಿದ್ದಾರೆ? ಮನುಷ್ಯರು ಒಂದು ಮಾತನ್ನು ಯಾಕೆ ಒಪ್ಪುತ್ತಾರೆ, ಯಾವಾಗ ಒಪ್ಪಬೇಕು? ಇದನ್ನೇ ದಿನವಿಡೀ ಕಲಿಸುವ ಕಾಲೇಜುಗಳಿವೆ ಎಂದು ತಿಳಿದ ದಿನ, ಗದ್ದೆಯ ಬದುವಿನ ಮೇಲೆ ಅಜ್ಜಿಯ ಹಿಂದೆ ನಡೆಯುತ್ತ ಎಲ್ಲವನ್ನೂ ಅವಳಿಗೆ ಹೇಳಲು ಹೊರಟೆ. ವಾಕ್ಯ ಶುರುವಾದರೆ ಮುಗಿಯುತ್ತಿರಲಿಲ್ಲ. ಒಂದು ಪದ ಕನ್ನಡದ್ದು, ಇನ್ನೊಂದು ಮಲಯಾಳದ್ದು, ಅವೆರಡರಲ್ಲೂ ಸಿಗದೆ ಹೋದರೆ ಕೈಸನ್ನೆ. ಅಜ್ಜಿ ತಿರುಗಿ ನೋಡಿ ನಕ್ಕಳು. ಅವಳ ತೀರ್ಪು ನನಗೆ ಬೇಕಾಗಿಯೂ ಇರಲಿಲ್ಲ.

ಶಾಲೆಯಲ್ಲಿ ಒಂದು ದಿನ ಮುಂದಿನ ಓದಿನ ಬಗ್ಗೆ ತಿಳಿಸಲು ಒಬ್ಬ ಕೋಟು ಹಾಕಿದವನು ಬಂದ. ಪರದೆಯ ಮೇಲೆ ಕೋರ್ಸುಗಳ ಹೆಸರು, ಪಕ್ಕದಲ್ಲಿ ವಿಮಾನದ ಚಿತ್ರ, ಗಾಜಿನ ಕಟ್ಟಡದ ಚಿತ್ರ. "ಒಳ್ಳೆಯ ಸಂಬಳದ ಡಿಗ್ರಿಗಳು" ಎಂದು ಮೇಲೆ ದಪ್ಪ ಅಕ್ಷರ. ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದೆ.

"ಸರ್, ಒಳ್ಳೆಯ ಸಂಬಳ ಎಂದರೆ ಯಾವುದಕ್ಕೆ ಒಳ್ಳೆಯದು?"

"ಒಳ್ಳೆಯ ಸಂಬಳ ಅಂದ್ರೆ ಇಂಥ ಪ್ರಶ್ನೆ ಕೇಳೋರಿಗೆ ಸಿಗದೇ ಇರೋದು" ಎಂದ ಅವನು. ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಉತ್ತರ ತಪ್ಪು, ಆದರೆ ಚೆನ್ನಾಗಿತ್ತು. ನಮ್ಮ ತಂಡದಲ್ಲಿದ್ದಿದ್ದರೆ ಕೊನೆಯ ಭಾಷಣ ಅವನಿಗೇ ಕೊಡಬಹುದಿತ್ತು.

ದೆಹಲಿಯ ಒಂದು ಕಾಲೇಜಿನಲ್ಲಿ ನನಗೆ ತತ್ವಶಾಸ್ತ್ರದ ಸೀಟು ಬಂತು. ಪ್ರವೇಶ ಪರೀಕ್ಷೆ ಬರೆದದ್ದು ಮನೆಯವರಿಗೆ ಗೊತ್ತಿತ್ತು, ಬರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅಪ್ಪ ಆಗಲೇ ಕೊಚ್ಚಿಯಲ್ಲಿ ಬಿ.ಕಾಂ ನೋಡಿಟ್ಟಿದ್ದರು. ಬರೀ ಬಿ.ಕಾಂ ಅಲ್ಲ, ಅದರ ಜೊತೆಗೇ ವಿದೇಶದ ಲೆಕ್ಕಪತ್ರದ ಪರೀಕ್ಷೆಗಳನ್ನೂ ಬರೆಸುತ್ತಾರೆ, ಮುಗಿಯುವ ಮುಂಚೆಯೇ ಕಂಪನಿಗಳು ಬಂದು ಕರೆದುಕೊಂಡು ಹೋಗುತ್ತವೆ.

ನಮ್ಮ ಮನೆಯ ಎಲ್ಲ ಜಗಳಗಳೂ ಸಂಜೆಯ ಊಟದ ಹೊತ್ತಿಗೇ. ಹೊತ್ತು ಮುಳುಗುವುದರೊಳಗೆ ಉಂಡು ಕೈ ತೊಳೆಯಬೇಕಾದ್ದರಿಂದ ಎಲ್ಲರೂ ಒಟ್ಟಿಗೆ ಕೂರುವುದು ಆಗ ಮಾತ್ರ. ಹಿಂಬಾಗಿಲಿನಿಂದ ಬೆಳಕು ಹಿಂದೆ ಸರಿಯುತ್ತ ಹೊಸ್ತಿಲು ದಾಟಿದರೆ ಚರ್ಚೆ ಮುಗಿಯಿತು. ಅಜ್ಜಿ ಮಾತ್ರ ಉಣ್ಣುವಾಗ ಮೌನ. ಅದು ಅವಳು ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ಬೇರೆಯೇ ಒಂದು ವ್ರತ. ಉಪ್ಪು ಬೇಕಾದರೂ ಬೆರಳಿನಲ್ಲಿ ತೋರಿಸುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಎದ್ದು ಕೈ ತೊಳೆದವಳೇ ಜಪಕ್ಕೆ ಕೂರುತ್ತಿದ್ದಳು.

ಸೀಟು ಬಂದ ದಿನ ಅಪ್ಪ ಶುರು ಮಾಡಿದರು.

"ತತ್ವಶಾಸ್ತ್ರ ಓದಿ ಏನಾಗ್ತೀಯೆ?"

"ತತ್ವಶಾಸ್ತ್ರ ಓದಿದವಳಾಗ್ತೀನಿ."

"ತರ್ಕ ಬ್ಯಾಡ. ಈ ಗುಡ್ಡ ನನ್ನ ಕಾಲಕ್ಕೆ ಸಾಕು, ನಿನ್ನ ಕಾಲಕ್ಕೆ ಸಾಲಾಕಿಲ್ಲ. ನಿನಗೆ ಮಾತು ಬರ್ತದೆ, ಒಪ್ಪಿದೆ. ಮಾತಿಗೆ ಕಪ್ ಕೊಡ್ತಾರೆ. ಶಂಬಳ ಯಾರು ಕೊಡ್ತಾರೆ?"

"ಇವತ್ತು ಶಂಬಳ ಇರೋ ಕೋರ್ಸಿಗೆ ನಾಳೆಯೂ ಇರ್ತದೆ ಅಂತ ಯಾರು ಹೇಳಿದ್ದು? ಒಳ್ಳೆ ರೇಟು ಅಂತ ನೀವು ವೆನಿಲಾ ಹಾಕಿದ್ರಲ್ಲ, ಇಡೀ ವಯನಾಡೇ ಹಾಕಿತ್ತಲ್ಲ. ಒಂದೊಂದು ಹೂವಿಗೂ ಕೈಯಲ್ಲಿ ಪರಾಗ ಮುಟ್ಟಿಸಿ ಕಾಯಿ ಬಿಡಿಸೋ ಹೊತ್ತಿಗೆ ರೇಟು ಎಲ್ಲಿತ್ತು?"

ಅಮ್ಮ ಸೌಟನ್ನು ಬಾಯಿಗೆ ಅಡ್ಡ ಹಿಡಿದು ನಗು ನುಂಗಿದಳು. ಅಪ್ಪನ ಮುಖ ಕೆಂಪಾಯಿತು.

"ವೆನಿಲಾ ಮಾತು ತೆಗೀಬ್ಯಾಡ ಅಂತ ಎಷ್ಟು ಸಲ ಹೇಳೀವ್ನಿ?"

"ತೆಗೀತೀನಿ. ಅದೇ ವಾದ ಇದು. ಆ ಬಳ್ಳಿ ಕಿತ್ತು ಹಾಕಿದ ಜಾಗದಲ್ಲೇ ಈಗ ನನ್ನನ್ನ ನೆಡ್ತಾ ಇದೀರಿ."

ನಾನು ಗೆದ್ದಿದ್ದೆ. ಅದು ಎಲ್ಲರಿಗೂ ಗೊತ್ತಾಯಿತು. ಅಪ್ಪ ಅನ್ನ ಕಲಸುತ್ತ ತಲೆ ತಗ್ಗಿಸಿಬಿಟ್ಟರು. ಆಗ ಅಮ್ಮ ಯಾವ ಚರ್ಚಾ ಸ್ಪರ್ಧೆಯಲ್ಲೂ ನಾನು ಎದುರಿಸಿರದ ಮಾತೊಂದನ್ನು, ಮಗಳೇ ಎಂಬುದಕ್ಕೆ ಮಲಯಾಳದವರಂತೆ ಮೋಳೆ ಎನ್ನುತ್ತ, ಬಹಳ ಮೆತ್ತಗೆ ಆಡಿದಳು.

"ವಾದದಲ್ಲಿ ನೀನೇ ಗೆದ್ದೆ ಮೋಳೆ. ಆದ್ರೆ ಅತ್ತೆ ಕಾಪಿ ಬಿಟ್ಟವ್ರಲ್ಲ?"

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇದೆ ಎಂದು ನನಗೆ ಅನಿಸಿತು. ಇತ್ತು ಕೂಡ, ಯಾವ ಬೇಡಿಕೆ ಎಂಬುದು ಬೇರೆ ಮಾತು. ಬೆಳಕು ಹೊಸ್ತಿಲಿಗೆ ಬಂದಿತ್ತು. ಅವಳು ಕೈಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದಳು.

ಕಾಫಿ ಬಿಟ್ಟ ಮೇಲೆ ಅವಳಿಗೆ ಮಧ್ಯಾಹ್ನ ತಲೆನೋವು ಬರುತ್ತಿತ್ತು. ಇಷ್ಟು ವರ್ಷ ಕುಡಿದ ಮೈ, ಸುಮ್ಮನಿರುವುದಿಲ್ಲ. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತರೆ, "ಸಾರವಿಲ್ಲ ಮಗಾ, ಹೋಗ್ತದೆ" ಎನ್ನುತ್ತಿದ್ದಳು. ಪರವಾಗಿಲ್ಲ ಎಂಬುದಕ್ಕೆ ನಾವು ಹಾಗೆ ಹೇಳುತ್ತೇವೆ. ಅಮ್ಮ ಒಳಗೆ ಕಾಫಿ ಹುರಿದರೆ ಅವಳು ಮಗ್ಗಲು ಬದಲಿಸಿ ಗದ್ದೆಯ ಕಡೆ ಮುಖ ಮಾಡುತ್ತಿದ್ದಳು. ಅಮ್ಮ ಹುರಿಯುವುದನ್ನೇ ನಿಲ್ಲಿಸಿದಳು. ಅಂಗಡಿಯ ಪುಡಿ ಬಂತು.

ಸಾಕ್ಷಿಯಿಲ್ಲದ ಮಾತನ್ನು ಒಪ್ಪಬೇಡಿ ಎಂದು ಎಷ್ಟೊಂದು ವೇದಿಕೆಗಳಲ್ಲಿ ಮೇಜು ಕುಟ್ಟಿದವಳು ನಾನು. ಅಜ್ಜಿಯ ನೇಮ ಒಳ್ಳೆ ಸಂಬಳಕ್ಕಾಗಿ ಎಂಬುದಕ್ಕೆ ಇದ್ದ ಸಾಕ್ಷಿ ಏನು? ಅಪ್ಪನ ಊಹೆ, ಅಮ್ಮನ ಹೂಂಗುಟ್ಟುವಿಕೆ, ಅಷ್ಟೇ. ಎದುರಾಳಿ ಇಷ್ಟು ಬಡಕಲು ವಾದ ತಂದಿದ್ದರೆ ಎರಡು ವಾಕ್ಯದಲ್ಲಿ ಕೆಡವುತ್ತಿದ್ದೆ. ಆದರೆ ಆ ವಾದದ ಹಣೆಗೆ ಒದ್ದೆ ಬಟ್ಟೆ ಕಟ್ಟಿತ್ತು. ದೆಹಲಿಯ ಸೀಟನ್ನು ಹೋಗಲು ಬಿಟ್ಟೆ. ಕೊಚ್ಚಿಗೆ ಹೂಂ ಅಂದೆ. ಅಪ್ಪ ಎರಡು ದಿನ ನನ್ನ ಮುಖ ನೋಡಲಿಲ್ಲ. ಗೆದ್ದವರು ಹಾಗೆ ಇರುತ್ತಾರೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಕೊಚ್ಚಿಯ ಕಾಲೇಜಿಗೆ ಸೇರಿ ಬಂದ ದಿನ ನಾನೇ ಒಲೆಯ ಮುಂದೆ ಕೂತು ಕಾಫಿ ಹುರಿದೆ. ಸ್ವಲ್ಪ ಕರಕಲಾಯಿತು. ಹಿತ್ತಾಳೆ ಲೋಟ ತುಂಬಿಸಿ ಜಗಲಿಗೆ ತಂದೆ. ಬಿಸಿಲು ಇನ್ನೂ ಇತ್ತು. ಅಪ್ಪ, ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಸೇರಿಬಿಟ್ಟೆ ಅಜ್ಜಿ. ಒಳ್ಳೆ ಕೋರ್ಸ್. ಈಗ ಕುಡಿ."

ಅಜ್ಜಿ ಲೋಟ ನೋಡಲಿಲ್ಲ. "ನಿನ್ನ ಮನಸ್ಸಿಂದೇನಾ?" ಎಂದಳು.

ನಾನು ಮಾತಾಡಿದೆ. ಲೆಕ್ಕ ಎಂದರೆ ಬರೀ ಕೂಡಿಸಿ ಕಳೆಯುವುದಲ್ಲ ಅಜ್ಜಿ, ಒಂದು ಕಂಪನಿ ಹೇಳುವುದು ನಿಜವೋ ಸುಳ್ಳೋ ಎಂದು ಕಂಡುಹಿಡಿಯುವುದು, ಅದೂ ಒಂದು ವಾದವೇ. ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಯೋಚಿಸಿ ನೋಡಿದರೆ ತತ್ವಶಾಸ್ತ್ರಕ್ಕಿಂತ ಇದೇ ಮೇಲು. ಎಲ್ಲಿಯೂ ನಿಲ್ಲಲಿಲ್ಲ. ಒಂದು ಪದಕ್ಕೂ ಹುಡುಕಾಡಲಿಲ್ಲ. ಬಾಗಿಲಲ್ಲಿದ್ದ ಅಪ್ಪನಿಗೆ ಸಮಾಧಾನವಾದದ್ದು ನನ್ನ ಬೆನ್ನಿಗೇ ತಿಳಿಯುತ್ತಿತ್ತು. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ಮಾತಾಡಿರಲಿಲ್ಲ.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಚೆನ್ನಾಗಿ ಹೇಳ್ದೆ ಮಗಾ" ಎಂದಳು. ಎರಡು ಬೆರಳಿನಿಂದ ಲೋಟವನ್ನು ನನ್ನ ಕಡೆ ಸರಿಸಿದಳು.

ಮನೆಯಲ್ಲಿ ಹೊಸ ಊಹೆ ಹುಟ್ಟಿತು. ಸೇರಿದರೆ ಸಾಲದು, ಓದು ಮುಗಿಯಬೇಕು ಎಂಬುದು ಅಜ್ಜಿಯ ನೇಮ. ಸರಿ. ಚುರ ಇಳಿದು (ಘಟ್ಟಕ್ಕೆ ನಾವು ಚುರ ಎನ್ನುತ್ತೇವೆ) ಕೊಚ್ಚಿಗೆ ಹೋಗಿ ನಾನು ಓದಿದ್ದು ಹಾಗೆ. ಜೊತೆಯವರು ಕೆನಡಾ, ದುಬೈ ಎಂದು ಕನಸು ಕಾಣುವಾಗ ನನ್ನ ಕಣ್ಣೆದುರು ಒಂದು ಹಿತ್ತಾಳೆ ಲೋಟವಿತ್ತು. ಹಾಸ್ಟೆಲಿನಲ್ಲಿ ಕಷ್ಟದ ಪೇಪರುಗಳನ್ನು ಬರೆಯುವಾಗ ಬೇಸರವಾದರೆ, ಇದು ಪಾಸಾದರೆ ಅಜ್ಜಿಗೆ ಒಂದು ಗುಟುಕು, ಎಂದುಕೊಳ್ಳುತ್ತಿದ್ದೆ. ಎಲ್ಲ ಪಾಸಾಯಿತು. ಅಜ್ಜಿ ಕುಡಿಯಲಿಲ್ಲ.

"ಜೋಲಿ ಸಿಗಬೇಕೇನೋ" ಎಂದರು ಅಪ್ಪ.

ಸಿಕ್ಕಿತು. ಒಳ್ಳೆಯದೇ ಸಿಕ್ಕಿತು. ಆ ಕೋಟಿನವನ ಪರದೆಯಲ್ಲಿದ್ದಂಥದೇ ಗಾಜಿನ ಕಟ್ಟಡ. ಅಜ್ಜಿ ಕುಡಿಯಲಿಲ್ಲ.

"ಮದುವೆ ಆಗಲಿ ಅಂತ ಇರ್ಬೋದು" ಎಂದಳು ಅಮ್ಮ.

ಪ್ರತಿ ಸಲ ಸುಳ್ಳಾದಾಗಲೂ ಒಂದು ಹೆಜ್ಜೆ ಮುಂದೆ ಓಡುವ ಊಹೆಗೆ ಊಹೆ ಎನ್ನುವುದಿಲ್ಲ ಎಂದು ನಾನು ಅಮ್ಮನಿಗೆ ಹೇಳಿದೆ. ಮೊದಲನೆಯದೇ ತಪ್ಪಿರಬಹುದಲ್ಲ, ಎಂದು ಮಾತ್ರ ನನಗೂ ಹೊಳೆಯಲಿಲ್ಲ. ಹೊಳೆದಿದ್ದರೆ ನನ್ನ ಆ ವರ್ಷಗಳಿಗೆಲ್ಲ ಏನೆಂದು ಹೆಸರಿಡುವುದು?

ಒಮ್ಮೆ ಓಣಂ ರಜೆಗೆ ಬಂದಾಗ ಅಜ್ಜಿ ಎತ್ತಿಟ್ಟಿದ್ದ ಮೆಣಸನ್ನು ಬಿಸಿಲಿಗೆ ಹರವುತ್ತ ಇದ್ದಕ್ಕಿದ್ದ ಹಾಗೆ ಕೇಳಿದಳು: "ನಿನ್ನ ಆ ಏಳು ಉತ್ತರದ ಪಾಠ, ಅದನ್ನ ಈಗಲೂ ಕಲಿಸ್ತಾರಾ?"

"ಕಲಿಸ್ತಾರೆ. ಯಾಕೆ, ನೀನು ಸೇರ್ತೀಯಾ?"

"ನನಗ್ಯಾರು ಸೀಟು ಕೊಡ್ತಾರೆ" ಎಂದು ನಕ್ಕಳು. ಹರವಿದ ಮೆಣಸನ್ನೇ ಮತ್ತೆ ಹರವುತ್ತ, "ದೊಡ್ಡೋರಾದ ಮೇಲೂ ಸೇರಿಸ್ಕೋತಾರಾ?"

"ವಯಸ್ಸು ಕೇಳಾಕಿಲ್ಲ. ಆದ್ರೆ ನಮಗ್ಯಾಕಜ್ಜಿ ಅದೆಲ್ಲ?" ಎಂದೆ. ಅವಳು ಹೂಂ ಎಂದಳು. ಫೋನು ಬಂತು, ನಾನು ಎದ್ದು ಹೋದೆ.

ಕಳೆದ ಕಾಫಿ ಕೊಯ್ಲಿನಲ್ಲಿ ಅವಳು ಹೋದಳು. ಅಂಗಳದ ತುಂಬ ಕೆಂಪು ಹಣ್ಣು ಹರವಿತ್ತು. ಬೆಳಗಿನ ಬಿಸಿಲಿಗೆ ಎಲ್ಲ ಕಡೆ ಒಣಗಲೆಂದು ಅದನ್ನು ಕಾಲಿನಿಂದ ಎಳೆಯುತ್ತಿದ್ದವಳು ಅಲ್ಲೇ ಕೂತಳಂತೆ. ಕೂತವಳು ಏಳಲಿಲ್ಲ. ನಾನು ಕೊಚ್ಚಿಯಿಂದ ಬರುವವರೆಗೆ ಕಾದಿದ್ದರು. ನಮ್ಮಲ್ಲಿ ದಹನವೂ ಹೊತ್ತು ಮುಳುಗುವ ಮುಂಚೆಯೇ ಮುಗಿಯಬೇಕು. ನಾನು ತಲುಪಿದಾಗ ಬಿಸಿಲು ಮರದ ತುದಿಯಲ್ಲಿತ್ತು. ಅವಳ ಅಂಗಾಲಿಗೆ ಕಾಫಿ ಸಿಪ್ಪೆಯ ಬಣ್ಣ ಹಿಡಿದಿತ್ತು. ಅಳು ಬರಲಿಲ್ಲ. ನೇಮ ಮುಗಿಯಲೇ ಇಲ್ಲವಲ್ಲ, ಯಾವುದು ಬಾಕಿಯಿತ್ತು, ಮದುವೆಯಾ, ಎಂದೇ ತಲೆ ಓಡುತ್ತಿತ್ತು.

ಸೂತಕ ಕಳೆದ ಮೇಲೆ ಬಸದಿಗೆ ಹೋದೆವು. ಪೂಜೆ ಮುಗಿಸಿ ಹೊರಡುವಾಗ ಪುರೋಹಿತರು ನಮ್ಮ ಜೊತೆ ಮೆಟ್ಟಿಲವರೆಗೆ ಬಂದರು. ವಯಸ್ಸಾದವರು, ನಿಧಾನ ಮಾತು. ನನ್ನ ತಲೆ ಮುಟ್ಟಿ ಕೇಳಿದರು.

"ಈಗ ಏನು ಓದ್ತಾ ಇದೀಯಮ್ಮ?"

"ಓದು ಮುಗೀತು. ಕೆಲಸದಲ್ಲಿದ್ದೀನಿ."

"ಹಾಗಾದ್ರೆ ಅದು ಆಗಲೇ ಇಲ್ಲ" ಎಂದರು ತಮಗೆ ತಾವೇ.

"ಯಾವುದು?" ಎಂದರು ಅಪ್ಪ.

ಪುರೋಹಿತರು ಅಪ್ಪನ ಮುಖ ನೋಡಿದರು. "ನಿಮಗೆ ಗೊತ್ತಿಲ್ವಾ? ಹೋದವರದ್ದು, ಇನ್ನು ಹೇಳಬಹುದು. ನಿಮ್ಮ ತಾಯಿಯವರು ನನ್ನೆದುರಿಗೇ ನೇಮ ಹಿಡಿದದ್ದು. ಮೊಮ್ಮಗಳು ತಾನು ಆಸೆಪಟ್ಟ ಪಾಠ ಓದೋಕೆ ಹೋಗೋವರೆಗೆ ಕಾಫಿ ಮುಟ್ಟೋದಿಲ್ಲ ಅಂತ. ಅದೇನೋ ಏಳು ಉತ್ತರದ ಪಾಠ ಅಂದ್ರು. ಹೆಸರು ಅವರಿಗೆ ಬರಲಿಲ್ಲ, ನಾನೇ ಹೇಳಿಕೊಟ್ಟೆ."

ಪುರೋಹಿತರು ಮುಂದುವರಿಸಿದರು.

"ಆಮೇಲೆ ಒಂದು ಸಲ ಬಂದಿದ್ರು. ಹುಡುಗಿ ಬೇರೆ ಏನಕ್ಕೋ ಸೇರಿಬಿಟ್ಳು ಅಂದ್ರು. ಹಾಗಾದ್ರೆ ಇಲ್ಲಿಗೇ ಮುಗಿಸಿಬಿಡಿ ಅಮ್ಮ, ದೋಷ ಕಳೆಯೋಕೆ ಒಂದು ದಿನ ಉಪವಾಸ ಮಾಡಿದ್ರೆ ಸಾಕು ಅಂತ ನಾನು ಹೇಳಿದೆ. ಬೇಡ ಅಂದ್ರು. ಅವಳು ಇನ್ನೂ ಸಣ್ಣೋಳು, ಅವಳು ಸೇರಿದ್ದು ಚೀಟಿ ಎತ್ತಿದ ಹಾಗೆ, ಮನಸ್ಸು ತಿರುಗ್ತದೆ, ನಾನು ಕಾಯ್ತೀನಿ ಅಂದ್ರು."

ಚೀಟಿ ಎಂದರೆ ಏನೆಂದು ಅವರಿಗೆ ತಿಳಿದಿರಲಿಲ್ಲ. ಅಪ್ಪನಿಗೂ, ಅಮ್ಮನಿಗೂ ತಿಳಿದಿರಲಿಲ್ಲ. ಅದು ತಿಳಿದಿದ್ದ ಇಬ್ಬರಲ್ಲಿ ಒಬ್ಬಳು ಹೋಗಿಯಾಗಿತ್ತು.

ಜೀಪಿನಲ್ಲಿ ವಾಪಸು ಬರುವಾಗ ನಾನು ಅಜ್ಜಿಯ ಜೊತೆ ಜಗಳಕ್ಕೆ ನಿಂತೆ. ಬಾಯಿಬಿಟ್ಟು ಅಲ್ಲ. ಒಂದು ಮಾತು ಹೇಳಬಹುದಿತ್ತಲ್ಲ ನೀನು? ಶಾಸ್ತ್ರದ ಪ್ರಕಾರ ಆ ನೇಮವೇ ದೋಷ, ದೋಷದ ನೇಮದ ಕಟ್ಟಳೆ ಮುರಿದರೆ ಎಷ್ಟು ಪಾಪ? ನಾನು ಓದು ಬಿಟ್ಟದ್ದು ನೀನು ಕಾಫಿ ಕುಡಿಯಲಿ ಎಂದು. ನೀನು ಕಾಫಿ ಬಿಟ್ಟದ್ದು ನಾನು ಅದನ್ನು ಓದಲಿ ಎಂದು. ಇಷ್ಟು ವರ್ಷ ಒಂದೇ ಅಂಗಳದಲ್ಲಿ ಕೂತು ಮೆಣಸು ಹರವಿದೆವಲ್ಲ. ನಾನು ನೀರಿನಂತೆ ಮಾತಾಡಿದ ದಿನ, ಇದು ಚೀಟಿದು ಎಂದು ಯಾಕೆ ಅನ್ನಲಿಲ್ಲ? ಎಲ್ಲ ಸಲ ಅನ್ನುತ್ತಿದ್ದೆಯಲ್ಲ?

ಎಲ್ಲ ಪ್ರಶ್ನೆಗಳೂ ಸರಿಯಾಗಿದ್ದವು. ಎದುರು ಪಕ್ಷದ ಕುರ್ಚಿ ಖಾಲಿಯಿತ್ತು. ಖಾಲಿ ಕುರ್ಚಿಯ ಎದುರು ಗೆಲ್ಲುವುದನ್ನು ಯಾರೂ ನನಗೆ ಕಲಿಸಿರಲಿಲ್ಲ.

ಮನೆಗೆ ಬಂದು ಜಗಲಿಯಲ್ಲಿ ಕೂತೆವು. ಅಮ್ಮನಿಗೆ ಏನು ತೋಚಿತೋ, ನಮ್ಮದೇ ಬೀಜವನ್ನು ಬಾಣಲೆಗೆ ಹಾಕಿ ಹುರಿದಳು. ಎಷ್ಟೋ ಕಾಲದ ಮೇಲೆ ಆ ವಾಸನೆ ಮನೆಯಿಂದ ಹೊರಗೆ ಬಂತು. ಹಿತ್ತಾಳೆ ಲೋಟದಲ್ಲಿ ಬೆಲ್ಲದ ಕಾಫಿ ತಂದು ನನ್ನ ಮುಂದೆ ಇಟ್ಟಳು. ಬೆಳಕು ಅಂಗಳದ ಆಚೆ ತುದಿಯಲ್ಲಿತ್ತು.

ಅಪ್ಪ ಕಂಬದ ಕಡೆ ನೋಡುತ್ತ ಕೇಳಿದರು.

"ಈಗಲೂ ಸೇರ್ಬೋದಲ್ವಾ ಮಗಾ? ದೆಹಲಿಗೇ ಹೋಗು. ನಾನು ಬ್ಯಾಡ ಅನ್ನಾಕಿಲ್ಲ."

ಉತ್ತರ ಕೊಡಲು ಬಾಯಿ ತೆರೆದೆ. ಮೊದಲ ಪದ ಸಿಕ್ಕಿತು, ಎರಡನೆಯದು ಸಿಗಲಿಲ್ಲ. ಮತ್ತೆ ಶುರು ಮಾಡಿದೆ. ಕನ್ನಡದಲ್ಲಿ ಹುಡುಕಿದೆ, ಮಲಯಾಳದಲ್ಲಿ ಹುಡುಕಿದೆ.

"ಸೇರ್ಬೋದು. ಸೇರ್ಬೋದು ಅಪ್ಪ. ಆದ್ರೆ ಈಗ... ಈಗ ನಾನು ಸೇರಿದ್ರೆ... ಕಾಪಿ ಯಾರು ಕುಡೀತಾರೆ?"

ಅಪ್ಪ ಎದ್ದು ಅಂಗಳಕ್ಕಿಳಿದು, ಒಣಹಾಕಿದ ಕಾಫಿಯನ್ನು ಕಾಲಿನಿಂದ ಎಳೆಯತೊಡಗಿದರು. ಎಳೆಯಬೇಕಾದ ಹೊತ್ತೇ ಅಲ್ಲ ಅದು. ನಾನು ಲೋಟ ನೋಡುತ್ತ ಕೂತೆ. ಅದನ್ನು ಕುಡಿಯಲೂ ಆಗಲಿಲ್ಲ, ಸರಿಸಲೂ ಆಗಲಿಲ್ಲ. ಹೊತ್ತು ಮುಳುಗಿತು. ಅಮ್ಮ ಬಂದು ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು.